ಎನಿಡ್ ಹೋದ ಹಾದಿ

"ಇಳಿಸ್ಬೇಡ್ರೋ! ನೆಲಕ್ಕಿಟ್ರೆ ಸೋತಂಗೆ," ಎಂದು ನೋರಾ ಗದರಿದಳು.

ಶವಪೆಟ್ಟಿಗೆ ಹೊತ್ತ ಆರು ಜನ ಬೀಗ ಹಾಕಿದ ಗೇಟಿನ ಮುಂದೆ ಏದುಸಿರು ಬಿಡುತ್ತ ನಿಂತರು. ಪೆಟ್ಟಿಗೆಯಲ್ಲಿದ್ದವಳು ನೋರಾಳ ಗೆಳತಿ ಎನಿಡ್ ಥ್ರೆಲ್‌ಫಾಲ್. ಮೂವತ್ತು ವರ್ಷ ಮಾಸ್‌ಥ್ವೈಟ್ ಊರಿನ ಶಾಲೆಯ ಮಕ್ಕಳಿಗೆ ಬೇಯಿಸಿ ಬಡಿಸಿದವಳು. ಈ ಹೊಲದ ಹಾದಿಯಲ್ಲೇ ಚರ್ಚಿಗೆ ಒಯ್ಯುತ್ತೇನೆಂದು ನೋರಾ ಅವಳಿಗೆ ಮಾತು ಕೊಟ್ಟಿದ್ದಳು.

ಗೇಟಿನಾಚೆ ಲಂಡನ್ನಿನಿಂದ ಬಂದು ಈ ಹಾದಿಗೆ ಬೀಗ ಹಾಕಿಸಿದ್ದ ಎಸ್ಟೇಟ್ ಮ್ಯಾನೇಜರ್ ಪೆಲ್ಲಮ್ ಎದೆ ಸೆಟೆಸಿ ನಿಂತಿದ್ದ.

"ಹೆಣ ಹೊತ್ಕೊಂಡು ಹೋದ ಜಾಗ ಎಲ್ಲಾ ಊರ ದಾರಿ ಆಗುತ್ತೆ ಅಂತ ನಂಬಿದೀರಂತೆ? ಅದು ಅಜ್ಜಿ ಕತೆ ಕಣ್ರಮ್ಮ. ರಸ್ತೆ ಮೇಲೆ ಹೋಗಿ."

ಹೊತ್ತವರಲ್ಲಿ ಇಬ್ಬರು ಮುಖ ಮುಖ ನೋಡಿಕೊಂಡರು. ಅವರು ಅದನ್ನೇ ನಂಬಿ ಬಂದಿದ್ದರು.

*

ಆ ನಂಬಿಕೆ ಕಂಡರೆ ಎನಿಡ್ ಉರಿದು ಬೀಳುತ್ತಿದ್ದಳು. ನಿವೃತ್ತಿಯಾದ ಮೇಲೆ ಅವಳಿಗೆ ಹಿಡಿದದ್ದು ಊರಿನ ಹಳೇ ನ್ಯಾಯಪಂಚಾಯ್ತಿಯ ಕಡತಗಳ ಹುಚ್ಚು. ಪ್ರತಿ ಮಂಗಳವಾರ ಬಸ್ಸು ಹಿಡಿದು ದಾಖಲೆ ಕಚೇರಿಗೆ ಹೋಗಿ, ನಿಘಂಟು ಮಗ್ಗುಲಲ್ಲಿಟ್ಟುಕೊಂಡು, ಆ ಕಡತಗಳ ಲ್ಯಾಟಿನ್ನನ್ನು ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದಳು. ಯಾರ ಹಂದಿ ಯಾರ ಬಾರ್ಲಿಗೆ ನುಗ್ಗಿತು, ಯಾವಳು ಯಾರ ಜಡೆ ಹಿಡಿದೆಳೆದಳು, ಎಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು.

ಒಂದು ಸಂಜೆ ಕೋಟು ಕೂಡ ಬಿಚ್ಚದೆ ನೋರಾಳ ಅಡುಗೆಮನೆಗೆ ನುಗ್ಗಿದಳು.

"ಸಿಕ್ತು ಕಣೇ! ಸಾವಿರದ ಆರುನೂರ ಹದಿನೇಳನೇ ಇಸ್ವಿ. ಹೊಲದ ಮೇಲಿನ ಚರ್ಚಿನ ದಾರಿಗೆ ಮುಳ್ಳುಬೇಲಿ ಹಾಕ್ದೋನಿಗೆ ದಂಡ. ಭಾನುವಾರದೊಳಗೆ ಅವ್ನು ಕೀಳ್ದಿದ್ರೆ ನೆರೆಹೊರೆಯೋರೇ ಕೀಳ್ಬೋದು ಅಂತ ಪಂಚರ ತೀರ್ಪು. ಬೇಲಿ ಹಾಕ್ದೋನು ಯಾರು ಗೊತ್ತಾ? ರೋಲೆಂಡ್ ಥ್ರೆಲ್‌ಫಾಲ್!"

"ಅಯ್ಯೋ, ನಿಮ್ಮ ಮನೆತನದೋನಾ? ಮುಚ್ಚಿಡೇ!"

"ಯಾಕೆ ಮುಚ್ಚಿಡ್ಲಿ? ತಪ್ಪು ಮಾಡ್ದೋನು ನಮ್ಮೋನೇ ಆದ್ರೆ ಸಾಕ್ಷಿ ಇನ್ನೂ ಗಟ್ಟಿ."

ಆ ಹಾದಿ ಊರಿನದೆಂದು ದಾಖಲಿಸಿ ಎಂದು ಕೌನ್ಸಿಲ್ಲಿಗೆ ಅರ್ಜಿ ಹಾಕಿದಳು. ಉತ್ತರ ಬರುವ ಮುಂಚೆ ಅವಳೇ ಹೋಗಿಬಿಟ್ಟಳು.

*

"ಅಜ್ಜಿ ಕತೆ ಅಂದಿದ್ದು ಸರಿ ಕಣಪ್ಪಾ," ಎಂದಳು ನೋರಾ. "ನಾವಿವತ್ತು ದಾರಿ ಮಾಡೋಕೆ ಬಂದಿಲ್ಲ. ದಾರಿ ನಾನೂರು ವರ್ಷದಿಂದ ಇದೆ. ಅಡ್ಡ ಹಾಕಿರೋದನ್ನ ತೆಗೆಯೋಕೆ ಬಂದಿದೀವಿ."

ಪೆಟ್ಟಿಗೆಯ ಹಿಂದೆ ಬಂದಿದ್ದ ಊರವರತ್ತ ತಿರುಗಿ ಸನ್ನೆ ಮಾಡಿದಳು. ನಾಲ್ವರು ಹೆಂಗಸರು ಮುಂದೆ ಬಂದು ಗೇಟನ್ನು ಕೀಲಿನಿಂದ ಮೇಲೆತ್ತಿ ಪಕ್ಕಕ್ಕೆ ಸರಿಸಿದರು.

ಪೆಲ್ಲಮ್ ಕೆಂಡವಾದ. "ಕೋರ್ಟಿಗೆ ಎಳೀತೀನಿ! ಒಬ್ಬೊಬ್ರ ಹೆಸರೂ ಬರ್ಕೋತೀನಿ!" ಎಂದು ಜೇಬಿನಿಂದ ಪುಸ್ತಕ ತೆಗೆದ.

ನೋರಾ ಅವನೆದುರು ಹೋಗಿ ನಿಂತಳು. ಅವಳ ಹಿಂದೆ ಊರೇ ಸಾಲುಗಟ್ಟಿತು.

"ಬರ್ಕೊಳಪ್ಪಾ, ನೆಟ್ಟಗೆ ಬರ್ಕೋ. ನೋರಾ ಬರ್ಕೆಟ್, ಎಪ್ಪತ್ತೊಂದು ವರ್ಷ. ಆದ್ರೆ ಎಲ್ಲಕ್ಕಿಂತ ಮೇಲೆ ಎನಿಡ್ ಥ್ರೆಲ್‌ಫಾಲ್ ಅಂತ ಬರಿ. ಇನ್ನು ನಾನೂರು ವರ್ಷ ಆದ್ಮೇಲೆ ಓದೋರು ಯಾರಾದ್ರೂ ಇರ್ತಾರೆ."

ಪೆಟ್ಟಿಗೆ ಆಗಲೇ ಹೊಲದ ನಡುವೆ ಸಾಗುತ್ತಿತ್ತು. ನೋರಾ ಮಾತ್ರ ಕದಲಲಿಲ್ಲ. ಅವನು ಮೊದಲ ಸಾಲಿನಲ್ಲಿ ಎನಿಡ್‌ಳ ಹೆಸರು ಬರೆದು ಮುಗಿಸುವ ತನಕ ಪೆನ್ನಿನ ತುದಿಯನ್ನೇ ನೋಡುತ್ತ ನಿಂತಳು.