ಹಳದಿ ಗೆರೆಯ ಹಿಂದೆ

ಬಸ್ಸು ಓಡಿಸುವವನಿಗೇ ಬಸ್ಸು ಆಗುವುದಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಡ್ರೈವರನ ಸ್ಥಿತಿ ಮಾತ್ರ ಅದೇ ಆಗಿತ್ತು. ಸ್ಟೇರಿಂಗ್ ತನ್ನ ಕೈಯಲ್ಲಿದ್ದರೆ ಎಂಥ ಬೆಟ್ಟದ ದಾರಿಯನ್ನಾದರೂ ಶಿಳ್ಳೆ ಹಾಕುತ್ತ ಇಳಿಸುತ್ತಿದ್ದ. ಅದೇ ಸ್ಟೇರಿಂಗ್ ಇನ್ನೊಬ್ಬನ ಕೈಗೆ ಹೋಗಿ ತಾನು ಹಿಂದೆ ಕೂತನೋ, ಎರಡನೇ ತಿರುವಿಗೆ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದು ನಿಲ್ಲುತ್ತಿತ್ತು. ಈ ಗುಟ್ಟು ಗೊತ್ತಿದ್ದದ್ದು ಅವನ ಕಂಡಕ್ಟರನೊಬ್ಬನಿಗೆ. ಅದೂ ಡಿಪೋದ ವ್ಯಾನಿನಲ್ಲಿ ಒಮ್ಮೆ ಪ್ರಸಂಗ ಆ ಕಂಡಕ್ಟರನ ಬೂಟಿನ ಮೇಲೆಯೇ ನಡೆದುಹೋಗಿದ್ದರಿಂದ.

ಮನೆಯವರಿಗೆ ಹೇಳಿಬಿಡಬಹುದಿತ್ತು. ಹೇಳದಿರಲು ಕಾರಣ ಅತ್ತೆ. ಮದುವೆಯ ಮರುದಿನ ನೆಂಟರನ್ನೆಲ್ಲ ಅವನೇ ಬಸ್ಸಿನಲ್ಲಿ ತುಂಬಿಕೊಂಡು ಬಂದಿದ್ದ. ಹೊಸ ಅಳಿಯ, ಹೊಸ ಹುರುಪು, ತಿರುವಿನಲ್ಲೂ ವೇಗ ಇಳಿಸಿರಲಿಲ್ಲ. ಹಿಂದಿನಿಂದ ಅತ್ತೆ ವಾಂತಿ ಮಾಡಿಕೊಳ್ಳುವ ಸದ್ದು ಕೇಳಿದಾಗ ಕನ್ನಡಿಯಲ್ಲಿ ನೋಡಿ, "ಕಿಟಕಿಯಿಂದ ಆಚೆ! ಬಸ್ಸು ತೊಳೆಯೋರು ಯಾರು?" ಎಂದು ಕೂಗಿದ್ದ. ನೆಂಟರೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ಅಂದಿನಿಂದ ಅತ್ತೆ ಕೈಚೀಲದಲ್ಲಿ ನಿಂಬೆಹಣ್ಣು ಇಟ್ಟುಕೊಳ್ಳದೆ ಹೊಸಿಲು ದಾಟಿದವರಲ್ಲ. ಅಂದಿನಿಂದ ಅವನೂ ಅವರನ್ನು ನಿಂಬೆಹಣ್ಣು ಎಂದೇ ಕರೆಯುತ್ತಿದ್ದ. ಹಿಂದಿನಿಂದಲೂ, ಮುಖದೆದುರಿಗೂ. ಅತ್ತೆ ನಗುತ್ತಿದ್ದರು. ಆ ನಗುವಿನಲ್ಲಿ ಒಂದು ಸಾಲ ಬಾಕಿ ಇದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹೀಗಿರುವಾಗ ರಜೆಯ ಪ್ರವಾಸ ಬಂತು. ಹೆಂಡತಿ, ಮಗಳು, ಅತ್ತೆ, ಅವನು. ರೈಲಿನಲ್ಲಿ ಮೇಲಿನ ಬರ್ತು ಹಿಡಿದು, ಹೊದಿಕೆ ಮುಖದವರೆಗೆ ಎಳೆದು, ಸತ್ತವನ ಹಾಗೆ ಮಲಗಿ ಬಚಾವಾಗಿದ್ದ. ಆದರೆ ಬಂದಿಳಿದ ವಿಹಾರಧಾಮದಲ್ಲಿ ಪಾರ್ಕುಗಳು ನಾಲ್ಕು. ಒಂದು ನೀರಿನದು, ಒಂದು ಪ್ರಾಣಿಗಳದು, ಒಂದು ತಿರುಗುವ ಯಂತ್ರಗಳದು, ಇನ್ನೊಂದು ಗುಡ್ಡದ ತುದಿಯ ಹಿಮದ್ದು. ಒಂದರಿಂದ ಇನ್ನೊಂದಕ್ಕೆ ಹೋಗಲು ಪಾರ್ಕಿನವರದೇ ಬಸ್ಸು, ದೋಣಿ. ಒಳಗೆ ಬೇರೆ ವಾಹನ ಬಿಡುವುದಿಲ್ಲ.

ಪಾರ್ಕುಗಳಿಗೆ ಹೊರಡುವ ಹಿಂದಿನ ಸಂಜೆ ಲಾಡ್ಜಿನ ಕೋಣೆಯಲ್ಲಿ ಹೆಂಡತಿ ಒದ್ದೆ ಟವೆಲ್ಲನ್ನು ಕುರ್ಚಿಯ ಬೆನ್ನಿಗೆ ಹರವುತ್ತ ಹೇಳಿದಳು: "ರೀ, ನಾಳೆ ಬಸ್ಸಲ್ಲಿ ನನ್ನ ಪಕ್ಕ ಕೂತ್ಕೋಬೇಕು."

"ಕೂತರಾಯ್ತು ಬಿಡು."

"ಹಾಗಲ್ಲ. ಮದುವೆ ಆದಾಗಿಂದ ಬಸ್ಸಲ್ಲಿ ನಾನು ನೋಡಿರೋದು ನಿಮ್ಮ ಕತ್ತಿನ ಹಿಂಭಾಗ ಮಾತ್ರ. ಅದರ ಮೇಲೊಂದು ಬೋರ್ಡು ಬೇರೆ. ಚಾಲಕರೊಡನೆ ಮಾತಾಡಬೇಡಿ ಅಂತ."

"ಅದು ರೂಲ್ಸು."

"ಮನೇಲೂ ಅದೇ ರೂಲ್ಸು ನಡೀತಿದೆ. ನಾಳೆ ಒಂದು ದಿನ ನಾನು ಕಿಟಕಿಗೆ, ನೀವು ಪಕ್ಕಕ್ಕೆ. ಏನಾದ್ರೂ ಮಾತಾಡ್ಕೊಂಡು ಹೋಗೋಣ. ನಂಗೆ ಬೇಕಾಗಿರೋದು ಅಷ್ಟೇ. ಆ ಜಾರುಬಂಡೆ, ಉಯ್ಯಾಲೆ ಎಲ್ಲ ನಿಮ್ಮ ಮಗಳಿಗೆ."

"ಆಯ್ತು," ಎಂದ ಡ್ರೈವರ್. ಡಿಪೋ ಮ್ಯಾನೇಜರಿಗೆ ಅವನು ಹೇಳುವ 'ಆಯ್ತು' ಅದೇ ರಾಗದ್ದು. ಅದರಲ್ಲಿ ಆಗುವಂಥದ್ದು ಏನೂ ಇರುವುದಿಲ್ಲ.

ಬೆಳಿಗ್ಗೆ ನೀರಿನ ಪಾರ್ಕು ಮುಗಿಯಿತು. ಹೊರಗೆ ಬಸ್ಸು ಬಾಗಿಲು ತೆರೆದು ನಿಂತಿತ್ತು. ಡ್ರೈವರ್ ಬಸ್ಸಿನ ಕಡೆ ನೋಡಲೇ ಇಲ್ಲ. ಪ್ರವೇಶದ್ವಾರದಲ್ಲಿ ಕೊಟ್ಟ ನಕ್ಷೆಯನ್ನು ಬಿಡಿಸಿ ಹಿಡಿದ.

"ನೋಡಿ, ಪ್ರಾಣಿಗಳ ಪಾರ್ಕು ಇಲ್ಲೇ ಇದೆ. ಒಂದು ಬೆರಳಷ್ಟೂ ದೂರ ಇಲ್ಲ. ನಡೆದೇ ಹೋಗೋಣ. ಕೈಕಾಲು ಆಡಿದ ಹಾಗಾಗುತ್ತೆ."

"ಬೆಳಿಗ್ಗೆಯಿಂದ ಈಜಿದ್ದೀವಿ ಅಪ್ಪಾ. ಇನ್ನೂ ಏನು ಆಡಿಸ್ಬೇಕು?" ಎಂದಳು ಮಗಳು.

ನಕ್ಷೆಯಲ್ಲಿ ಬೆರಳಷ್ಟು ಇದ್ದದ್ದು ನೆಲದ ಮೇಲೆ ಮುಗಿಯಲೇ ಇಲ್ಲ. ಕಾರು ನಿಲ್ಲಿಸುವ ಬಯಲು ದಾಟಿದರು. ಹೋಟೆಲುಗಳ ಹಿಂಬಾಗಿಲು ದಾಟಿದರು. ಕಸದ ಡಬ್ಬಿಗಳ ಸಾಲಿನ ಪಕ್ಕ ಮೂಗು ಹಿಡಿದು ನಡೆದರು. ಅಲ್ಲೊಬ್ಬ ಕರಡಿ ವೇಷದವನು ಕರಡಿಯ ತಲೆಯನ್ನು ಕಳಚಿ ತೊಡೆಯ ಮೇಲಿಟ್ಟುಕೊಂಡು ಬೀಡಿ ಸೇದುತ್ತಿದ್ದ. ಇವರನ್ನು ನೋಡಿ ಗಾಬರಿಯಾಗಿ ತಲೆ ಹಾಕಿಕೊಂಡ. ಬೀಡಿ ಹೊರಗೇ ಉಳಿಯಿತು.

"ಅಳಿಯಂದ್ರೇ," ಎಂದರು ಅತ್ತೆ, ಏದುಸಿರು ಬಿಡುತ್ತ, "ಪ್ರಾಣಿಗಳು ಇಲ್ಲಿಂದಲೇ ಶುರುವಾ?"

ಪಕ್ಕದ ರಸ್ತೆಯಲ್ಲಿ ಆ ಬಸ್ಸು, ಅರ್ಧ ಖಾಲಿ, ಅವರನ್ನು ದಾಟಿ ಹೋಯಿತು. ಹೆಂಡತಿ ಅದನ್ನು ಕಣ್ಣು ಮರೆಯಾಗುವವರೆಗೂ ನೋಡಿದಳು.

ಪ್ರಾಣಿಗಳ ಪಾರ್ಕಿನಲ್ಲಿ ಅತ್ತೆ ಮೊಮ್ಮಗಳಿಗೆ ಕರಡಿಯಾಕಾರದ ಬಕೆಟ್ಟು ತುಂಬ ಪಾಪ್‌ಕಾರ್ನ್ ಕೊಡಿಸಿದರು. ಕರಡಿಯ ತಲೆಯೇ ಅದರ ಮುಚ್ಚಳ. ಅಲ್ಲಿಂದ ಮುಂದಿನ ಪಾರ್ಕಿಗೆ ಕೆರೆಯ ಮೇಲೆ ದೋಣಿ. ನೀರಿನ ಮೇಲೆ ನಡೆಯುವ ವಿದ್ಯೆ ಡ್ರೈವರನಿಗೆ ಗೊತ್ತಿರಲಿಲ್ಲ. ಹತ್ತಿದ ಕೂಡಲೇ ನೇರ ಮುಂದಕ್ಕೆ ಹೋಗಿ, ದೋಣಿ ನಡೆಸುವವನ ಪಕ್ಕ ನಿಂತು, ದಡದ ಮೇಲೆ ಕಣ್ಣು ನೆಟ್ಟ.

"ಇಂಜಿನ್ ಹೇಗೆ, ಒಳ್ಳೇದಾ?" ಎಂದು ಕೇಳಿದ.

"ಬ್ಯಾಟರಿ ಸಾರ್," ಎಂದ ಅವನು.

ದಡ ಬರುವವರೆಗೆ ಡ್ರೈವರ್ ಆ ಬ್ಯಾಟರಿಯನ್ನೇ ಹೊಗಳುತ್ತಿದ್ದ. ಇಳಿಯುವಾಗ ಹೆಂಡತಿ ಬ್ಯಾಗನ್ನು ಅವನ ಎದೆಗೆ ಒತ್ತಿ ಕೊಟ್ಟಳು.

"ಇದು ನನ್ನ ಪಕ್ಕ ಕೂತಿತ್ತು. ನಿಮಗಿಂತ ವಾಸಿ. ಎದ್ದು ಹೋಗ್ಲಿಲ್ಲ."

ಯಂತ್ರಗಳ ಪಾರ್ಕಿನಲ್ಲಿ ಮಗಳು ಅವನ ಕೈ ಹಿಡಿದು ಎಳೆದಳು. ಅವನು ಸೊಂಟ ಹಿಡಿದುಕೊಂಡು ಬೆಂಚಿನ ಮೇಲೆ ಕೂತ. ಕೊನೆಗೆ ಮೊಮ್ಮಗಳ ಜೊತೆ ಹೋದದ್ದು ಅತ್ತೆ. ತಲೆಕೆಳಗಾಗಿ ತಿರುಗಿಸುವ ಗಾಡಿಯಿಂದ ಇಳಿದಾಗ ಅವರ ಕೂದಲು ದಿಕ್ಕಿಗೊಂದಾಗಿ ನಿಂತಿತ್ತು, ಕೈಯಲ್ಲಿ ನಿಂಬೆಹಣ್ಣು ಭದ್ರವಾಗಿತ್ತು.

"ಇನ್ನೊಂದ್ಸಲ," ಎಂದರು ಅತ್ತೆ.

ಬೆಂಚಿನ ಇನ್ನೊಂದು ತುದಿಯಲ್ಲಿ ಹೆಂಡತಿ ಕೂತಿದ್ದಳು. ನಡುವೆ ಬ್ಯಾಗು. ಅವಳು ಅದನ್ನು ಅಲ್ಲಿಂದ ತೆಗೆಯಲಿಲ್ಲ. ಈಗ ಹೇಳಿಬಿಡಲೇ ಎಂದು ಡ್ರೈವರ್ ಬಾಯಿ ತೆರೆದ. ಅಷ್ಟರಲ್ಲಿ ಎರಡನೇ ಸುತ್ತಿನಿಂದ ಅತ್ತೆಯ ಕೇಕೆ ಕೇಳಿಸಿತು. ಬಾಯಿ ಮುಚ್ಚಿದ.

ಹಿಮದ ಪಾರ್ಕಿಗೆ ಬಸ್ಸೇ ಗತಿ. ರಸ್ತೆ ಹಾವಿನ ಹಾಗೆ ಗುಡ್ಡ ಸುತ್ತಿಕೊಂಡು ಹೋಗುವುದು ಕೆಳಗಿನಿಂದಲೇ ಕಾಣುತ್ತಿತ್ತು. ಡ್ರೈವರ್ ಎಲ್ಲರಿಗಿಂತ ಮೊದಲು ಹತ್ತಿ, ಮುಂದಿನ ಕಂಬ ಹಿಡಿದು, ಗಾಜಿನಾಚೆ ನೋಡುತ್ತ ನಿಂತ. ಹಾಗೆ ನಿಂತರೆ ಅವನಿಗೆ ಏನೂ ಆಗುತ್ತಿರಲಿಲ್ಲ. ಆದರೆ ಕೆಂಪು ಟೋಪಿಯ ಹುಡುಗಿಯೊಬ್ಬಳು ಬಂದು ನೆಲ ತೋರಿಸಿದಳು.

"ಸಾರ್, ಹಳದಿ ಗೆರೆ ಹಿಂದೆ."

ಕೆಲಸಕ್ಕೆ ಸೇರಿದಾಗಿನಿಂದ ಅವನು ಸಾವಿರಾರು ಜನಕ್ಕೆ ಹೇಳಿದ ಮಾತು ಅದು. ಹೇಳುವಾಗ ಇಷ್ಟು ಕೆಟ್ಟದಾಗಿ ಕೇಳಿಸಿರಲಿಲ್ಲ.

"ನಾನೂ ಡ್ರೈವರೇ ಅಮ್ಮಾ."

"ಆಗಲಿ ಸಾರ್. ಗೆರೆ ಹಿಂದೆ. ನಿಂತ್ಕೊಳ್ಳೋ ಹಾಗಿಲ್ಲ, ಬೆಲ್ಟ್ ಹಾಕ್ಬೇಕು."

ಅವನು ಬಸ್ಸಿನಿಂದ ಇಳಿದುಬಿಟ್ಟ. "ನೀವೆಲ್ಲ ಹೋಗ್ಬನ್ನಿ. ನಂಗೆ ಹಿಮ ಗಿಮ ಇಷ್ಟ ಇಲ್ಲ. ಇಲ್ಲೇ ಕಾಯ್ತೀನಿ."

ಹೆಂಡತಿಯೂ ಹಿಂದೆಯೇ ಇಳಿದಳು. ಮಗಳು, ಅತ್ತೆ ಕಿಟಕಿಯಿಂದ ನೋಡುತ್ತಿದ್ದರು.

"ಬೆಳಿಗ್ಗೆಯಿಂದ ನೋಡ್ತಿದೀನಿ," ಎಂದಳು. ದನಿ ಏರಿಸಲಿಲ್ಲ. "ಕಸದ ಡಬ್ಬಿ ಪಕ್ಕ ನಡೀತೀರಿ, ಗುರುತಿಲ್ಲದ ದೋಣಿಯವನ ಪಕ್ಕ ನಿಲ್ತೀರಿ. ನನ್ನ ಪಕ್ಕ ಮಾತ್ರ ಆಗಲ್ಲ. ನನ್ನ ಜೊತೆ ಆಡೋಕೆ ಮಾತಿಲ್ಲ ಅಂದ್ರೆ ಹೇಳಿಬಿಡಿ. ಇನ್ನು ಕೇಳಲ್ಲ. ಈ ಜನ್ಮದಲ್ಲಿ ಕೇಳಲ್ಲ."

ಅವಳು ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವವಳು. ಎದುರಿಗಿರುವವರ ಕಣ್ಣನ್ನೇ ನೋಡುತ್ತ ಮಾತಾಡುವುದು ಅಭ್ಯಾಸ. ಈಗ ಅವನ ಅಂಗಿಯ ಗುಂಡಿ ನೋಡುತ್ತ ಮಾತಾಡಿದಳು. 'ಕೇಳಲ್ಲ' ಎಂದರೆ ಕೇಳುವವಳಲ್ಲ ಎಂಬುದು ಡ್ರೈವರನಿಗೆ ಗೊತ್ತಿತ್ತು. ಒಂದು ಕಡೆ ಹೆಂಡತಿಯ ಬಗ್ಗಿಸಿದ ಮುಖ, ಇನ್ನೊಂದು ಕಡೆ ಕಿಟಕಿಯಲ್ಲಿ ಅತ್ತೆಯ ಕೆದರಿದ ತಲೆ. ಅಡಕತ್ತರಿಯೊಳಗಿನ ಅಡಿಕೆಯಾದ.

"ನಡಿ," ಎಂದ. "ಕಿಟಕಿ ನಿಂದು."

ಮೊದಲ ತಿರುವಿನವರೆಗೆ ಎಲ್ಲ ಚೆನ್ನಾಗಿತ್ತು. ಹೆಂಡತಿಯ ಭುಜ ತಾಕುತ್ತಿತ್ತು. ಬಸ್ಸು ತಿರುಗಿದಾಗ ಡ್ರೈವರನ ಬಲಗಾಲು ತಾನೇ ತಾನಾಗಿ ನೆಲವನ್ನು ಒತ್ತಿತು. ಅಲ್ಲಿ ಬ್ರೇಕು ಇರಲಿಲ್ಲ.

ಅವಳು ಆಗಲೇ ಶುರು ಮಾಡಿದ್ದಳು. "ಮೊನ್ನೆ ಅಂಗಡಿಗೊಬ್ಬ ಮುದುಕ ಬಂದಿದ್ದ ರೀ. ಗಾಜು ಬೇಡ, ಬರೀ ಫ್ರೇಮು ಕೊಡಿ ಅಂದ. ಯಾಕಜ್ಜ ಅಂದೆ. ಕನ್ನಡಕ ಹಾಕ್ಕೊಂಡು ಪೇಪರ್ ಹಿಡಿದು ಕೂತ್ರೆ ಹೆಂಡತಿ ಕೆಲಸ ಹೇಳಲ್ವಂತೆ. ಗಾಜಿದ್ರೆ ಓದ್ಬೇಕಾಗುತ್ತಲ್ಲಮ್ಮ ಅಂದ!"

ಬೇರೆ ದಿನವಾಗಿದ್ದರೆ ಡ್ರೈವರ್ ತೊಡೆ ತಟ್ಟಿ ನಗುತ್ತಿದ್ದ. ಈಗ ಎರಡನೇ ತಿರುವು ಮುಗಿದು ಮೂರನೆಯದು ನಡೆಯುತ್ತಿತ್ತು. ಬಾಯಿ ತೆರೆದರೆ ಬರುವುದು ನಗು ಅಲ್ಲ ಎಂಬುದು ಅವನಿಗೆ ಖಚಿತವಾಗಿತ್ತು. ತುಟಿ ಬಿಗಿದು, ಮುಂದಿನ ಸೀಟಿನ ಕಂಬಿಯನ್ನು ಸ್ಟೇರಿಂಗಿನ ಹಾಗೆ ಹಿಡಿದು ಕೂತ. ಬಿಸಿತುಪ್ಪದ ಗಾದೆ ಮಾಡಿದವನು ಯಾವನೋ, ಅವನೂ ಬಸ್ಸಿನ ಹಿಂದಿನ ಸೀಟಿನವನೇ ಇರಬೇಕು.

"ನಗು ಬರ್ಲಿಲ್ವಾ?" ಎಂದಳು ಹೆಂಡತಿ. ಅವನು ಕಂಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. "ಸರಿ ಬಿಡಿ." ಅವಳು ಕಿಟಕಿಯ ಕಡೆ ತಿರುಗಿದಳು.

ಆ 'ಸರಿ ಬಿಡಿ' ಕೇಳಿ ಅವನು ತಡೆಯಲಾರದೆ ಬಾಯಿ ತೆರೆದ. "ಹಾಗಲ್ಲ ಕಣೇ..." ಎನ್ನುವಷ್ಟರಲ್ಲಿ ನಾಲ್ಕನೇ ತಿರುವು ಬಂತು. ಕೈ ಗಾಳಿಯಲ್ಲಿ ತಡಕಾಡಿ ಮುಂದಿನ ಸೀಟಿನಲ್ಲಿದ್ದ ಮಗಳ ಮಡಿಲಿನಿಂದ ಬಕೆಟ್ಟನ್ನು ಕಿತ್ತುಕೊಂಡಿತು. ಕರಡಿಯ ತಲೆ ಹಾರಿ ಸೀಟುಗಳ ನಡುವೆ ಉರುಳಿಹೋಯಿತು.

"ಅಪ್ಪಾ! ನನ್ನ ಕರಡಿ!"

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಮುಂದಿನ ಕನ್ನಡಿಯಲ್ಲಿ ಎರಡು ಕಣ್ಣು ಮೂಡಿದವು. "ಕಿಟಕಿಯಿಂದ ಆಚೆ ಸಾರ್!" ಎಂದು ಕೂಗಿದ ಅಲ್ಲಿಯ ಚಾಲಕ. "ಬಸ್ಸು ತೊಳೆಯೋರು ಯಾರು?"

ಅತ್ತೆ ಎದ್ದು ನಿಂತೇಬಿಟ್ಟರು. ಬೆಲ್ಟು ಹಾಕಿಕೊಳ್ಳಿ ಎಂದು ಕೆಂಪು ಟೋಪಿ ಕೂಗುತ್ತಿದ್ದರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಗು ತಡೆಯಲಾಗದೆ ಕಣ್ಣಲ್ಲಿ ನೀರು. ಕೈಚೀಲದಿಂದ ನಿಂಬೆಹಣ್ಣು ತೆಗೆದು, ಉಗುರಿನಿಂದ ಸಿಪ್ಪೆ ಗೀರಿ, ಅಳಿಯನ ಮೂಗಿನ ಕೆಳಗೆ ಹಿಡಿದರು.

"ತಗೊಳ್ಳಿ ಅಳಿಯಂದ್ರೇ. ಹಣ್ಣಿನ ಜೊತೆ ಹೆಸರೂ ಇವತ್ತಿಂದ ನಿಮಗೇ."

ಹೆಂಡತಿ ಮಾತ್ರ ನಗುತ್ತಿರಲಿಲ್ಲ. ಅವನ ಮುಖವನ್ನು ಗಿರಾಕಿಯ ಕಣ್ಣು ನೋಡುವ ಹಾಗೆ ನೋಡುತ್ತಿದ್ದಳು.

"ಯಾವಾಗಿಂದ ಇದು?"

"ಮೊದಲಿಂದ. ಸ್ಟೇರಿಂಗ್ ಕೈಲಿದ್ರೆ ಇಲ್ಲ."

"ಇದಕ್ಕಾ ಬೆಳಿಗ್ಗೆಯಿಂದ ನಮ್ಮನ್ನ ಕಸದ ಡಬ್ಬಿ ಸಾಲಲ್ಲಿ ಮೆರವಣಿಗೆ ಮಾಡ್ಸಿದ್ದು? ಊರವರ ಕಣ್ಣಿಗೆಲ್ಲ ಕನ್ನಡಕ ಹಾಕ್ತೀನಿ, ಮನೆಯೊಳಗಿಂದು ನಂಗೇ ಕಾಣಲಿಲ್ಲ. ಹೇಳೋಕೇನಾಗಿತ್ತು?"

"ಹೇಳಿದ್ರೆ ಅತ್ತೆ ನಗ್ತಿದ್ರು."

"ಈಗೇನು ಅಳ್ತಿದಾರಾ?"

ಅತ್ತೆ ಆಗಲೇ ಫೋನಿನಲ್ಲಿದ್ದರು. ಯಾರಿಗೋ ಕಥೆಯನ್ನು ಮೊದಲಿನಿಂದ ಹೇಳುತ್ತಿದ್ದರು. ಮದುವೆಯ ಮರುದಿನದಿಂದ.

ಹಿಮದ ಪಾರ್ಕಿನಲ್ಲಿ ಡ್ರೈವರ್ ಹಿಮದ ಗುಡ್ಡೆಯೊಂದರ ಮೇಲೆ ತಲೆಯಿಟ್ಟು ಮಲಗಿದ್ದಷ್ಟೇ. ಮಗಳು ಅಪ್ಪನ ಮೇಲೆ ಮುನಿಸಿಕೊಂಡು, ಅಪ್ಪನ ಹೊಟ್ಟೆಯ ಮೇಲೆಯೇ ಹಿಮದ ಕರಡಿ ಕಟ್ಟಿದಳು.

ಸಂಜೆ ಇಳಿಯುವ ಬಸ್ಸಿಗೆ ಹತ್ತುವಾಗ ಅದೇ ಕೆಂಪು ಟೋಪಿಯ ಹುಡುಗಿ ಅವನನ್ನು ಗುರುತು ಹಿಡಿದಳು. ಪಾಪ ಎನಿಸಿರಬೇಕು, ಬಸ್ಸಿನ ಮೇಲಿನ ಮರುಕವೂ ಇದ್ದೀತು. "ಸಾರ್, ಡ್ರೈವರ್ ಪಕ್ಕದ ಒಂಟಿ ಸೀಟು ಖಾಲಿ ಇದೆ. ಗೆರೆಯಿಂದ ಮುಂದೆ. ಅಲ್ಲಿ ಕೂತ್ಕೊಳ್ಳಿ, ಏನೂ ಆಗಲ್ಲ."

ಡ್ರೈವರ್ ಆ ಸೀಟನ್ನು ನೋಡಿದ. ದೊಡ್ಡ ಗಾಜು, ಎದುರಿಗೆ ಇಡೀ ರಸ್ತೆ. ಅಲ್ಲಿ ಕೂತರೆ ಶಿಳ್ಳೆ ಹಾಕುತ್ತ ಇಳಿಯಬಹುದಿತ್ತು.

"ಹೋಗಿ ರೀ, ಪರವಾಗಿಲ್ಲ," ಎಂದಳು ಆಗಲೇ ಹಿಂದೆ ಕಿಟಕಿಗೆ ಕೂತಿದ್ದ ಹೆಂಡತಿ. "ಕತ್ತು ನೋಡ್ಕೊಂಡು ಬರ್ತೀನಿ. ಅಭ್ಯಾಸ ಇದೆ."

ಅವನು ಒಂಟಿ ಸೀಟನ್ನು ದಾಟಿ, ಗೆರೆಯನ್ನು ದಾಟಿ, ಹಿಂದಕ್ಕೆ ಬಂದ. ಹೆಂಡತಿ ಎದ್ದು ಕಿಟಕಿಯ ಜಾಗ ಬಿಟ್ಟುಕೊಟ್ಟಳು.

"ಕಿಟಕಿ ನಿಂದು ಅಂದಿದ್ದೆನಲ್ಲ," ಎಂದ.

"ಪ್ರೀತಿಗಲ್ಲ. ನನ್ನ ಬಟ್ಟೆ ಹೊಸದು."

ಹಿಂದಿನ ಸೀಟಿನಿಂದ ಅತ್ತೆಯ ಕೈ ಮುಂದೆ ಬಂತು. ಕೈಯಲ್ಲೊಂದು ಹೊಸ ಬಕೆಟ್ಟು. "ಕರಡಿ ಸಣ್ಣದಾಯ್ತು, ನಿಂಬೆಹಣ್ಣಿನವರೇ. ಅಂಗಡೀಲಿ ಕೇಳಿ ದೊಡ್ಡದೇ ತಂದೆ. ಇದು ಆನೆ."

ಡ್ರೈವರ್ ಆನೆಯನ್ನು ತೊಡೆಯ ಮೇಲಿಟ್ಟುಕೊಂಡ. ಬಸ್ಸು ಹೊರಟಿತು.

"ಆ ಮುದುಕನ ಕಥೆ ಇನ್ನೊಂದ್ಸಲ ಹೇಳು," ಎಂದ ಹೆಂಡತಿಗೆ. "ಬೇಗ ಹೇಳು, ತಿರುವು ಬರ್ತಿದೆ."

ಅವಳು ಹೇಳಿದಳು. ಮೊದಲ ತಿರುವಿನೊಳಗೆ ಅವನು ತೊಡೆ ತಟ್ಟಿ ನಕ್ಕು ಮುಗಿಸಿದ. ಎರಡನೆಯದಕ್ಕೆ ಆನೆಯ ತಲೆ ತೆಗೆದ.