ಬಟ್ಟೆಯ ಒಳಮಗ್ಗುಲು ನೋಡುವ ಜಾನಕಮ್ಮ

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಶಾಲೆಯಲ್ಲಿ ಕಲಿತದ್ದು ತಮಿಳು. ಕನ್ನಡವನ್ನು ಅಮ್ಮ ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು ಕಲಿಸಿದಳು. ಎಂಟನೆಯ ತರಗತಿಯ ನಡುವೆ ಶಾಲೆ ಬಿಟ್ಟವಳಿಗೆ ದೊಡ್ಡ ಮಾತುಗಳೂ ಬರುವುದಿಲ್ಲ. ನಮ್ಮ ಕನ್ನಡ ಸಂಘದ ಕೈಬರಹದ ಪತ್ರಿಕೆಗೆ, ಹತ್ತಿರದಿಂದ ಕಂಡವರೊಬ್ಬರ ವಿಷಯ ಬರೆಯಿರಿ ಎಂದಿದ್ದಾರೆ. ಈ ಪುಟಗಳನ್ನು ಮೂರು ಸಲ ಬರೆದಿದ್ದೇನೆ. ಆದರೂ ಓದಲು ಕಷ್ಟವಾದರೆ ತಪ್ಪು ನನ್ನದು, ಜಾನಕಮ್ಮನವರದಲ್ಲ.

ಜಾನಕಮ್ಮನವರ ಕೈಗೆ ಬಟ್ಟೆ ಕೊಟ್ಟರೆ ಅವರು ಅದರ ಮುಖ ನೋಡುವುದಿಲ್ಲ. ಕೊಟ್ಟ ಕ್ಷಣವೇ ಅದನ್ನು ಒಳಹೊರಗು ಮಾಡಿ, ಕಿಟಕಿಯ ಬಳಿಗೆ ನಡೆದು, ಬೆಳಕಿಗೆ ಹಿಡಿದು, ಹೊಲಿಗೆಯ ಉದ್ದಕ್ಕೂ ಹೆಬ್ಬೆರಳು ಓಡಿಸಿ, ಕಂಕುಳ ಹತ್ತಿರ ಒಮ್ಮೆ ಮೂಸಿ, ಕೊನೆಗೆ ಕೆಳಗಿನ ಅಂಚನ್ನು ಎರಡು ಬೆರಳ ನಡುವೆ ಹಿಡಿದುಕೊಂಡು ಸುಮ್ಮನೆ ನಿಂತುಬಿಡುತ್ತಾರೆ. ಮಾರುವವರಿಗೆ ಮುಜುಗರವಾಗುವಷ್ಟು ಹೊತ್ತು ನಿಲ್ಲುತ್ತಾರೆ.

“ಹೊರಗಡೆ ಟೈಲರ್ ಮಾಡಿದ್ದು ಡೀ, ಒಳಗಡೆ ಅಮ್ಮ ಮಾಡಿದ್ದು. ನಮಗೆ ಬೇಕಾದ್ದು ಅಮ್ಮ. ಸರಿ ತಾನೇ?” ಎಂದು ನನಗೆ ಮೊದಲ ದಿನವೇ ಹೇಳಿದ್ದರು. ಅವರ “ಡೀ” ಎಂದರೆ ತಮಿಳಿನ “ಕಣೇ”. “ಸರಿ ತಾನೇ” ಎಂಬುದು ಅವರ ಹೆಚ್ಚಿನ ಮಾತುಗಳ ಕೊನೆಗೆ ಬರುತ್ತದೆ. ಉತ್ತರಕ್ಕಾಗಿ ಅವರು ಕಾಯುವುದಿಲ್ಲ.

ಅವರಿಗೆ ಐವತ್ತೈದರ ಮೇಲಾಗಿದೆ. ಮನೆ ಟ್ರಿಪ್ಲಿಕೇನಿನಲ್ಲಿ. ಬಲಹೆಗಲ ಮೇಲೆ ಯಾವಾಗಲೂ ಒಂದು ದಪ್ಪ ಕ್ಯಾನ್ವಾಸ್ ಚೀಲವಿರುವುದರಿಂದ, ಚೀಲವಿಲ್ಲದ ದಿನವೂ ಎಡಕ್ಕೆ ವಾಲಿಕೊಂಡೇ ನಡೆಯುತ್ತಾರೆ. ಅವರು ವ್ಯಾಪಾರಿಯಲ್ಲ. ಮಕ್ಕಳು ಹೆಚ್ಚು, ಸಂಬಳ ಒಂದೇ ಇರುವ ಹತ್ತಿಪ್ಪತ್ತು ಕನ್ನಡದ ಮನೆಗಳಿಗೆ, ಅನುಕೂಲಸ್ಥರ ಮಕ್ಕಳು ತೊಟ್ಟು ಬಿಟ್ಟ ಒಳ್ಳೆಯ ಬಟ್ಟೆ ಹುಡುಕಿ ಕೊಂಡು ತರುತ್ತಾರೆ. ತಂದದ್ದನ್ನು ಅಂಟುವಾಳದ ನೀರಿನಲ್ಲಿ ನೆನೆಸಿ, ಒಗೆದು, ಎರಡು ಬಿಸಿಲು ಕಾಣಿಸಿಯೇ ಕೊಡುತ್ತಾರೆ. ಹಾಗಾಗಿ ಮಡಿಯ ಮನೆಗಳವರೂ ತೆಗೆದುಕೊಳ್ಳುತ್ತಾರೆ. ಅವರ ಯಜಮಾನರಾದ ರಾಮದಾಸರು ಇನ್ಶೂರೆನ್ಸ್ ಕಂಪನಿಯಿಂದ ನಿವೃತ್ತರಾದವರು. “ನಮ್ಮ ಮನೇಲಿ ಒಂದು ಸಿ.ಐ.ಡಿ. ಇದೆಯಮ್ಮ, ನನ್ನ ಶರ್ಟನ್ನ ಮಾತ್ರ ಪರೀಕ್ಷೆಗೆ ಕೊಡಲ್ಲ ನಾನು” ಎಂದು ನಗುತ್ತಾರೆ.

ನಾನು ಅವರ ಚೀಲ ಹಿಡಿಯಲು ಹೋದದ್ದು ಶಾಲೆ ಬಿಟ್ಟ ಮೇಲೆ. ಅದನ್ನೂ ಇಲ್ಲಿ ಹೇಳಬೇಕು. ಹೊಸ ಪೈಸೆ ಬಂದ ವರ್ಷ ನಾವು ನಗರದ ಉತ್ತರ ತುದಿಯ ರಾಯಪುರದಲ್ಲಿದ್ದೆವು. ಅಪ್ಪ ಅಲ್ಲಿ ರೈಲ್ವೆ ಗೂಡ್ಸ್ ಕ್ಲಾರ್ಕು. ಅಮ್ಮ, ಹಳೆಯ ಬಟ್ಟೆಗೆ ಪಾತ್ರೆ ಕೊಡುವವಳ ಗಂಟಿನಿಂದ ನನಗೊಂದು ನೀಲಿ ಲಂಗ ಆರಿಸಿ ತೆಗೆದುಕೊಂಡಳು. ಅದು ನಮ್ಮ ತರಗತಿಯ ಹುಡುಗಿಯದೇ ಆಗಿತ್ತು. ಶಾಲೆಯ ಗೇಟಿನಲ್ಲಿ ಅವಳು ಎಲ್ಲರಿಗೂ ಕೇಳುವಂತೆ, “ನಾವು ಪಾತ್ರೆಯವಳಿಗೆ ಹಾಕಿದ್ದನ್ನು ಇವಳು ಉಟ್ಟುಕೊಂಡು ಬಂದಿದ್ದಾಳೆ” ಎಂದಳು. ನಾನು ಅಲ್ಲಿಂದಲೇ ಹಿಂದಿರುಗಿದೆ. ಮತ್ತೆ ಹೋಗಲಿಲ್ಲ.

ಜಾನಕಮ್ಮನವರಿಗೆ ಈ ಕಥೆ ಹೇಳಿದಾಗ ಅವರು ಅಯ್ಯೋ ಪಾಪ ಎನ್ನಲಿಲ್ಲ. “ಗುರುತು ಹೇಗೆ ಹಿಡಿದಳಂತೆ?” ಎಂದು ಕೇಳಿದರು. ಗೊತ್ತಿಲ್ಲ ಎಂದೆ. “ಬಟನ್ ಬದಲಾಯಿಸಿದ್ರೆ ಆಗತ್ತೆ ಅಂತಾರೆ ಜನ. ಮಕ್ಕಳು ಬಟನ್ ನೋಡಲ್ಲ ಡೀ. ತಾವು ಇಂಕು ಚೆಲ್ಲಿದ ಜಾಗ ನೋಡ್ತಾರೆ. ಬಟ್ಟೆ ದೂರ ಹೋಗ್ಬೇಕು, ಅದೊಂದೇ ದಾರಿ.” ಅದಕ್ಕೇ ಅವರದೊಂದು ಕಟ್ಟುನಿಟ್ಟು: ತಾಂಬರಂನಲ್ಲಿ ಕೊಂಡದ್ದು ಉತ್ತರಕ್ಕೆ ರಾಯಪುರಕ್ಕೋ ಎಣ್ಣೂರಿಗೋ ಹೋಗಬೇಕು, ಎಣ್ಣೂರಿನದು ದಕ್ಷಿಣಕ್ಕೆ ಬರಬೇಕು. ಯಾವ ಮಗುವೂ ತನ್ನ ಹಳೆಯ ಬಟ್ಟೆಯನ್ನು ಬೀದಿಯಲ್ಲಿ ಎದುರುಗೊಳ್ಳಬಾರದು. ಯಾವುದು ಎಲ್ಲಿಂದ ಎಲ್ಲಿಗೆ ಹೋಯಿತೆಂದು ಅವರು ಎಲ್ಲಿಯೂ ಬರೆದಿಡುವುದಿಲ್ಲ. ಎಲ್ಲವೂ ತಲೆಯಲ್ಲಿದೆ.

ಹೋದ ವರ್ಷ ತಾಂಬರಂನ ಒಬ್ಬ ಎಂಜಿನಿಯರರ ಮನೆಯಲ್ಲಿ ಹಸಿರು ಚೌಕುಳಿಯ ಗೌನೊಂದು ಸಿಕ್ಕಿತು. ಮನೆಯಾಕೆ ಕಾಫಿ ಕೊಟ್ಟರು. ಮಗಳು ಶಾಲೆಗೆ ಹೋಗಿದ್ದಳು. ಜಾನಕಮ್ಮ ಗೌನನ್ನು ಒಳಹೊರಗು ಮಾಡಿ ಕಿಟಕಿಗೆ ಹಿಡಿದರು. ಅಂಚಿನ ಮಡಿಕೆಯನ್ನು ಎರಡು ಸಲ ಬಿಚ್ಚಿ ಇಳಿಸಿದ್ದ ಗುರುತಾಗಿ ಎರಡು ಬಿಳಿಚಿದ ಗೆರೆಗಳಿದ್ದವು.

“ಗೆರೆಗೂ ಗೆರೆಗೂ ಮೂರು ಬೆರಳು. ಬೇಗ ಬೆಳೆಯೋ ಹುಡುಗಿ. ಎಡಜೇಬು ಹರಿದು ಹೊಲಿದಿದೆ, ಎಡಗೈಯವಳು, ಗೋಲಿ ಆಡ್ತಾಳೆ. ಕಾಲರಿನ ತುದಿ ಕಚ್ಚಿದೆ. ಲೆಕ್ಕ ಬರಲ್ಲ ಪಾಪ, ಲೆಕ್ಕದ ಪಿರಿಯಡ್‌ನಲ್ಲಿ ಕಚ್ಚಿದ್ದು. ಸರಿ ತಾನೇ?”

ಮನೆಯಾಕೆ ನಕ್ಕರೇ ಹೊರತು ಹೌದು ಅಲ್ಲ ಎನ್ನಲಿಲ್ಲ. ನಾನು ಮಾತ್ರ ಬೆರಗಾಗಿ ನಿಂತಿದ್ದೆ. ಕಾಣದ ಮಗುವೊಂದು ಬಟ್ಟೆಯೊಳಗಿಂದ ಎದ್ದು ಬಂದು ಎದುರಿಗೆ ಕುಳಿತಂತಿತ್ತು. ಆ ಗೌನು ನನ್ನ ತಂಗಿ ತುಂಗಾಳಿಗೆ ಬಂತು. ತಾಂಬರಂನದು ರಾಯಪುರಕ್ಕೆ, ಕಟ್ಟುನಿಟ್ಟಿನಂತೆಯೇ ಆಯಿತು.

ಆದರೆ ಈ ಜೂನ್‌ನಲ್ಲಿ ಅಪ್ಪನಿಗೆ ತಾಂಬರಂ ಹತ್ತಿರದ ಕ್ರೋಂಪೇಟೆಗೆ ವರ್ಗವಾಯಿತು. ಪಾತ್ರೆ, ಹಾಸಿಗೆ, ದೇವರ ಪೆಟ್ಟಿಗೆಗಳ ಜೊತೆಗೆ ಹಸಿರು ಗೌನೂ ಮತ್ತೆ ದಕ್ಷಿಣಕ್ಕೆ ಬಂತು. ಅದನ್ನು ಅಮ್ಮನೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ. ತುಂಗಾಳನ್ನು ತಾಂಬರಂನ ಶಾಲೆಗೆ ಮೂರನೆಯ ತರಗತಿಗೆ ಸೇರಿಸಿದೆವು. ಎರಡನೆಯ ವಾರ, ಗೌನು ತೊಟ್ಟುಹೋದ ಮೊದಲ ದಿನವೇ ಅವಳು ಅಳುತ್ತ ಬಂದಳು. ಜಯಲಕ್ಷ್ಮೀ ಎಂಬ ಐದನೆಯ ತರಗತಿಯ ಹುಡುಗಿ ಜೇಬು ಹಿಡಿದೆಳೆದು, ‘ಎನ್ನೋಡ ಗೌನ್’, ನನ್ನ ಗೌನು, ಎಂದಳಂತೆ.

“ನಾನು ನಾಳೆಯಿಂದ ಹೋಗಲ್ಲ ಅಕ್ಕಾ,” ಎಂದಳು ತುಂಗಾ.

ನಾನು ಮೂರು ವರ್ಷಗಳ ಹಿಂದೆ ಹೇಳಿದ್ದೂ ಅದೇ ಮಾತು. ಅಂದು ಯಾರೂ ಹೆಚ್ಚು ಒತ್ತಾಯ ಮಾಡಿರಲಿಲ್ಲ. ಅದುವರೆಗೆ ಒಬ್ಬಳೇ ರೈಲು ಹತ್ತದ ನಾನು ಅಂದೇ ಸಂಜೆ ಎಲೆಕ್ಟ್ರಿಕ್ ರೈಲು ಹತ್ತಿ ಟ್ರಿಪ್ಲಿಕೇನಿಗೆ ಹೋದೆ.

ಮರುದಿನ ಬೆಳಿಗ್ಗೆ ಎಂಟಕ್ಕೆ ಜಾನಕಮ್ಮ ನಮ್ಮ ಮನೆಯಲ್ಲಿದ್ದರು. “ತಪ್ಪು ನನ್ನದು. ಮನುಷ್ಯರಿಗೆ ವರ್ಗ ಆದ್ರೆ ಬಟ್ಟೆಗೂ ವರ್ಗ ಆಗತ್ತೆ ಅಂತ ತೋಚಲಿಲ್ಲ ನೋಡು,” ಎಂದವರೇ, “ಅದೇ ಗೌನು ಹಾಕು,” ಎಂದರು.

ಅಮ್ಮ ಬೇಡವೆಂದಳು. “ಮಗು ತಲೆ ತಗ್ಗಿಸಬೇಕಾಗತ್ತೆ ಮಾಮಿ. ಬೇರೆ ಹಾಕಿ ಕಳಿಸೋಣ.”

“ಬೇರೆ ಹಾಕಿದ್ರೆ ಕದ್ದದ್ದನ್ನ ಬಚ್ಚಿಟ್ಟ ಹಾಗಾಗತ್ತೆ. ನಾವು ಕೊಂಡದ್ದು ಡೀ.”

ಶಾಲೆಯ ಗೇಟಿನಲ್ಲಿ ತುಂಗಾ ನನ್ನ ಬೆನ್ನ ಹಿಂದೆ ನಿಂತು ನನ್ನ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಜಯಲಕ್ಷ್ಮೀ ಬಂದಳು. ಎತ್ತರದ, ಎರಡು ಜಡೆಯ ಹುಡುಗಿ. ಜಾನಕಮ್ಮ ಅವಳೆದುರು ನಿಂತು ತಮಿಳಿನಲ್ಲಿ, “ಇದು ನಿನ್ನ ಗೌನೇ ತಾನೇ ಕಣ್ಣೇ?” ಎಂದರು. ಅವಳು ಹೌದೆಂದಳು. ನಾನು ಕಾದಿದ್ದ ಜಂಬ ಆ ದನಿಯಲ್ಲಿರಲಿಲ್ಲ. “ಅಮ್ಮ ನನ್ನ ಕೇಳದೇ ಕೊಟ್ಟುಬಿಟ್ಟಳು ಅಜ್ಜಿ,” ಎಂದಾಗ ಅವಳ ಕಣ್ಣಲ್ಲಿ ನೀರಿತ್ತು.

ಜಾನಕಮ್ಮ ಬಗ್ಗಿ ತುಂಗಾಳ ಗೌನಿನ ಜೇಬು ಮುಟ್ಟಿ ನೋಡಿದರು. ಆಮೇಲೆ, “ಗೋಲಿ ಎಲ್ಲ ಎಡಜೇಬಿನಲ್ಲೇ ಇಡ್ತಿದ್ದೆ ತಾನೇ?” ಎಂದರು.

“ಗೋಲಿಯಾ? ನಾನು ಗೋಲಿ ಆಡಲ್ಲ. ಅದರಲ್ಲಿ ಅಳಿಲುಮರಿ ಇತ್ತು. ಅದೇ ಹರಿದದ್ದು.”

“ಕಾಲರು?”

“ಅದೂ ಅಳಿಲೇ.”

“ಲೆಕ್ಕ ಬರಲ್ವೋ ನಿನಗೆ?”

“ತೊಂಬತ್ತೆರಡು!” ಎಂದಳು ಹುಡುಗಿ, ಸಿಟ್ಟಿನಿಂದ.

ಜಾನಕಮ್ಮ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ನೋಡಿರಲಿಲ್ಲ. “ಕೇಳಿದೆಯಾ ಊರ್ಮಿಳಾ? ಸಿ.ಐ.ಡಿ. ಫೇಲು!” ಎಂದು ನನ್ನ ಭುಜ ಹಿಡಿದು ಅಲುಗಿಸಿದರು. ಅಷ್ಟರಲ್ಲಿ ನನ್ನ ಸೆರಗು ಸಡಿಲವಾಯಿತು. ತುಂಗಾ ಎಡಜೇಬಿನೊಳಗೆ ಕೈ ಹಾಕಿ ತಡಕುತ್ತಿದ್ದಳು. “ಅಳಿಲು ಎಷ್ಟು ದಿನ ಇತ್ತು? ಈಗ ಎಲ್ಲಿದೆ?” ಎಂದು ತಮಿಳಿನಲ್ಲಿ ಕೇಳಿದಳು.

“ಹನ್ನೊಂದು ದಿನ. ಮಾವಿನ ಮರ ಹತ್ತಿ ಹೋಯಿತು,” ಎಂದು ಜಯಲಕ್ಷ್ಮೀ ಹತ್ತಿರ ಬಂದು ಬಗ್ಗಿ, ಜೇಬಿನ ಯಾವ ಮೂಲೆಯಲ್ಲಿ ಅದು ಮಲಗುತ್ತಿತ್ತೆಂದು ತೋರಿಸಿದಳು. ಎದ್ದು ನಿಂತಾಗ ತುಂಗಾಳ ಭುಜ ತನ್ನ ಎದೆಯ ಕೆಳಗೆಲ್ಲೋ ಇರುವುದನ್ನು ಕಂಡು, ಗೌನಿನ ಅಂಚನ್ನು ತನ್ನ ತೊಡೆಯ ಹತ್ತಿರ ಅಳೆದು, “ಅಯ್ಯೋ, ನಾನು ಇಷ್ಟು ಚಿಕ್ಕವಳಿದ್ದೆನಾ?” ಎಂದಳು. ಗಂಟೆ ಹೊಡೆಯಿತು. ತುಂಗಾ ನನ್ನ ಕಡೆ ಒಮ್ಮೆ ನೋಡಿದಳು. ಇನ್ನೂ ಪೂರ್ತಿ ಧೈರ್ಯ ಬಂದಿರಲಿಲ್ಲ. ಆದರೂ ಅಳಿಲು ಏನು ತಿನ್ನುತ್ತಿತ್ತೆಂದು ಕೇಳುತ್ತ, ಅವಳ ಹಿಂದೆಯೇ ಗೇಟು ದಾಟಿ ಒಳಗೆ ಹೋದಳು.

ಹಿಂದಿರುಗುವ ರೈಲಿನಲ್ಲಿ ಜಾನಕಮ್ಮ, “ಇಷ್ಟು ವರ್ಷ ಬಟ್ಟೆ ಕೇಳಿದೆ, ಅಮ್ಮಂದಿರನ್ನ ಕೇಳಿದೆ. ಮಗುವನ್ನೇ ಕೇಳಲಿಲ್ಲವಲ್ಲ ಡೀ,” ಎಂದರು. ಆ ಮಾತಿನ ಕೊನೆಗೆ “ಸರಿ ತಾನೇ” ಬರಲಿಲ್ಲ.

ಜಾನಕಮ್ಮನಂಥವರನ್ನು ಕರುಣೆಯುಳ್ಳವರು ಎಂದು ಜನ ಹೊಗಳುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಇಂಥವರು ಕರುಣೆ ತೋರಿಸುವುದಿಲ್ಲ, ವಿಚಾರಿಸುತ್ತಾರೆ. ಕರುಣೆ ತೋರಿದವರ ಮುಂದೆ ನಾವು ತಲೆ ತಗ್ಗಿಸಿ ನಿಲ್ಲಬೇಕಾಗುತ್ತದೆ. ನಿಜವಾಗಿ ತಿಳಿಯಬೇಕೆಂದು ಕೇಳಿದವರಿಗೆ ತಲೆ ಎತ್ತಿ ಉತ್ತರ ಕೊಡಬಹುದು. ತಮ್ಮ ಊಹೆ ತಪ್ಪಾದಾಗ ಅವರಿಗೆ ಆಗುವುದು ಅವಮಾನವಲ್ಲ, ಇನ್ನೂ ತಿಳಿಯಬೇಕಾದದ್ದು ಉಳಿದಿದೆಯಲ್ಲ ಎಂಬ ಸಂತೋಷ. ಇಂಥವರು ಹೆಚ್ಚು ಮಂದಿ ಇರಲಾರರು. ನಾನು ಕಂಡದ್ದು ಒಬ್ಬರನ್ನೇ.

ಬರುವ ಗುರುವಾರ ನಾವು ಎಣ್ಣೂರಿನ ಒಂದು ಮನೆಗೆ ಹೋಗುತ್ತಿದ್ದೇವೆ. ಅಲ್ಲಿ ಆರು ವರ್ಷದ ಹುಡುಗನ ಅಂಗಿಗಳಿವೆಯಂತೆ. ಕೊಡಲು ಅವನಿಗೆ ಮನಸ್ಸಿದೆಯೇ ಎಂದು ಅವನನ್ನೇ ಕೇಳುವ ಕೆಲಸವನ್ನು ಜಾನಕಮ್ಮ ನನಗೆ ವಹಿಸಿದ್ದಾರೆ. ನಾನು ಕೇಳುತ್ತೇನೆ.