ಸಾಕಮ್ಮನ ಕುದಿಸಿದ ನೀರು

ಬೆಳಿಗ್ಗೆ ಐದೂವರೆಗೆ ಸಾಕಮ್ಮ ಒಲೆಯ ಮೇಲೆ ದೊಡ್ಡ ಸ್ಟೀಲ್ ಪಾತ್ರೆ ಇಟ್ಟರೆ ಅದು ಕೆಳಗಿಳಿಯುತ್ತಿದ್ದದ್ದು ಸಂಜೆ ಆರಕ್ಕೆ, ಡೇಕೇರಿನ ಕೊನೆಯ ಮಗು ಅಪ್ಪನ ಕಾರು ಹತ್ತಿ ಹೋದ ಮೇಲೆ. ಅಲ್ಲಿಯವರೆಗೆ ನೀರು ಕುದಿಯುತ್ತಲೇ ಇರಬೇಕು. ಅರ್ಧಕ್ಕಿಳಿಯಿತೋ, ಎರಡು ಚೊಂಬು ಸುರಿಯುವುದು, ಮತ್ತೆ ಕುದಿಸುವುದು. ಮಕ್ಕಳು ಕುಡಿಯುವುದಕ್ಕೂ ಅದೇ ನೀರು, ನಾಲ್ಕು ತಿಂಗಳ ಮೊಮ್ಮಗಳು ಸಿಯಾಗೆ ಹಾಲಿನ ಪುಡಿ ಕಲಸುವುದಕ್ಕೂ ಅದೇ ನೀರು.

"ಮೂರು ಮಕ್ಕಳನ್ನ ಸಾಕಿದ್ದು ಇದೇ ಕುದಿಸಿದ ನೀರಲ್ಲಿ. ಒಬ್ಬರಿಗಾದ್ರೂ ಒಂದು ದಿನ ಹೊಟ್ಟೆ ಕೆಟ್ಟಿದ್ದುಂಟಾ?" ಎಂದು ಸಾಕಮ್ಮ ಕೇಳಿದರೆ ಮಗ ರವಿ ಲ್ಯಾಪ್‌ಟಾಪ್ ಬ್ಯಾಗ್ ಎತ್ತಿಕೊಂಡು ಸೌತ್‌ಫೀಲ್ಡಿನ ಆಫೀಸಿಗೆ ಹೊರಡುತ್ತಿದ್ದ.

ಡೆಟ್ರಾಯ್ಟ್ ಪಕ್ಕದ ಲಿವೋನಿಯಾ ದಾಟಿ ಪಶ್ಚಿಮಕ್ಕೆ ಹೋದರೆ, ಎಂ-14 ಹೆದ್ದಾರಿಯ ಎಕ್ಸಿಟ್ ಇಳಿದು ನಾಲ್ಕು ಮೈಲಿಗೆ ಅವರ ಮನೆ. ಹಿಂದೆ ಯಾರದೋ ಫಾರ್ಮ್ ಹೌಸ್ ಆಗಿತ್ತು. ಸೊಸೆ ಭಾನು ಪಕ್ಕದ ಉದ್ದನೆಯ ಕಟ್ಟಡವನ್ನು ರಿಪೇರಿ ಮಾಡಿಸಿ ಡೇಕೇರ್ ಶುರುಮಾಡಿದ್ದಳು. ಸುತ್ತ ಮೂರು ಕಡೆ ಜೋಳದ ಹೊಲ. ಸಿಟಿಯ ನೀರಿನ ಪೈಪು ಅಲ್ಲಿಯವರೆಗೆ ಬಂದಿಲ್ಲ. ಮನೆಗೂ ಡೇಕೇರಿಗೂ ಇರುವುದು ಒಂದೇ ಬೋರ್‌ವೆಲ್.

ಜೂನ್ ತಿಂಗಳ ಒಂದು ಮಂಗಳವಾರ ಕೌಂಟಿಯ ಆರೋಗ್ಯ ಇಲಾಖೆಯಿಂದ ಪತ್ರ ಬಂತು. ಭಾನು ಅದನ್ನು ನಿಂತಲ್ಲೇ ಓದಿ, ಕುರ್ಚಿ ಎಳೆದುಕೊಂಡು ಕೂತಳು.

"ಏನವ್ವಾ, ಮುಖ ಹಂಗ್ಯಾಕೆ ಬಿಳಿಚಿಕೊಂಡ್ತು?" ಎಂದರು ಸಾಕಮ್ಮ.

"ಅತ್ತೆ, ನಮ್ಮ ಬೋರ್‌ವೆಲ್ ಇನ್ಮೇಲೆ ಬರೀ ಮನೆ ಬೋರ್‌ವೆಲ್ ಅಲ್ವಂತೆ. ಪಬ್ಲಿಕ್ ವಾಟರ್ ಸಿಸ್ಟಮ್ ಅಂತೆ. ಅದನ್ನ ನೋಡ್ಕೊಳ್ಳೋಕೆ ಲೈಸೆನ್ಸ್ ಇರೋ ಆಪರೇಟರ್ ಬೇಕಂತೆ. ಆಗಸ್ಟ್ ಕೊನೆಯೊಳಗೆ ಹೆಸರು ಕೊಡಬೇಕು. ಕೊಡದಿದ್ರೆ ಸೆಪ್ಟೆಂಬರಿಗೆ ಡೇಕೇರ್ ತೆಗೆಯೋ ಹಾಗಿಲ್ಲ."

"ಪಬ್ಲಿಕ್ಕಾ? ನಮ್ಮನೆ ಬೋರು ಊರೋರದ್ದು ಯಾವಾಗ ಆಯ್ತು?"

"ಒಂದೇ ನೀರನ್ನ ದಿನಾ ಅದೇ ಇಪ್ಪತ್ತೈದು ಜನ, ವರ್ಷದಲ್ಲಿ ಆರು ತಿಂಗಳ ಮೇಲೆ ಕುಡಿದ್ರೆ ಅದು ಪಬ್ಲಿಕ್ ಲೆಕ್ಕ. ನಾನು ಮಕ್ಕಳನ್ನ ಮಾತ್ರ ಎಣಿಸಿದ್ದೆ. ಇಪ್ಪತ್ತೆರಡು. ಟೀಚರ್ಸ್ ನಾಲ್ಕು ಜನ, ನಾನು, ನೀವು, ಎಲ್ಲಾ ಸೇರಿದ್ರೆ ಇಪ್ಪತ್ತೆಂಟು!"

"ನನ್ನನ್ನೂ ಎಣಿಸಿಬಿಟ್ರಾ?" ಸಾಕಮ್ಮನಿಗೆ ಒಂದು ಕ್ಷಣ ಹೆಮ್ಮೆಯೇ ಆಯಿತು. ಮರುಕ್ಷಣ ಮೂಗು ಮುರಿದರು. "ಸ್ವಿಚ್ ಹಾಕಿದ್ರೆ ಮೋಟ್ರು ತಿರುಗ್ತದೆ. ನಲ್ಲಿ ತಿರುವಿದ್ರೆ ನೀರು ಬತ್ತದೆ. ಅದಕ್ಕೊಂದು ಲೈಸೆನ್ಸಾ? ನಾಳೆ ಒಲೆ ಹಚ್ಚಕ್ಕೂ ಲೈಸೆನ್ಸ್ ಕೇಳ್ತಾರೆ ಬುಡು. ನಾನಿಲ್ವಾ ಕುದಿಸಿ ಕೊಡಕ್ಕೆ?"

ರವಿ ಅವತ್ತು ಸಂಜೆ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಕೇಳಿದ. ಹತ್ತು ನಿಮಿಷಕ್ಕೆ ಉತ್ತರ ಬಂತು. ಲಿವೋನಿಯಾದಲ್ಲಿರುವ ನವ್ಯಶ್ರೀ ಅನ್ನುವವಳು ಇದೇ ಕೆಲಸ ಮಾಡುತ್ತಾಳಂತೆ. ಒಂದು ಶಾಲೆ, ಎರಡು ಫ್ಯಾಕ್ಟರಿ, ಒಂದು ಆಫೀಸು, ಎಲ್ಲದರ ಬೋರ್‌ವೆಲ್ ನೀರು ಅವಳ ಸುಪರ್ದಿಯಲ್ಲಿದೆಯಂತೆ.

ಶನಿವಾರ ಬೆಳಿಗ್ಗೆ ಅಂಗಳಕ್ಕೆ ಪಿಕಪ್ ಟ್ರಕ್ ಬಂದು ನಿಂತಿತು. ಇಳಿದವಳು ಮೂವತ್ತೈದರ ಹೆಂಗಸು. ಮೊಣಕಾಲುದ್ದದ ಬೂಟು, ಕೈಯಲ್ಲಿ ಐಸ್ ತುಂಬಿದ ಡಬ್ಬ, ಕತ್ತಿನಲ್ಲಿ ಮಾತ್ರ ಕರಿಮಣಿ. ಸಾಕಮ್ಮ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ನೀನೇನವ್ವಾ ನೀರಿನ ಲೈಸೆನ್ಸಿನೋಳು?"

"ಹೌದ್ರಿ ಆಂಟಿ. ಹುಬ್ಬಳ್ಳ್ಯಾಕಿ."

"ಹುಬ್ಬಳ್ಳಿನಾ? ಅಲ್ಲಿ ನೀರು ವಾರಕ್ಕೊಂದ್ಸಲ ಬರ್ತದಂತಲ್ಲ?"

"ಅದಕ್ಕ ನೋಡ್ರಿ ನೀರಿನ ಬೆಲಿ ನಮಗ ಭಾಳ ಗೊತ್ತು!" ನವ್ಯಶ್ರೀ ನಕ್ಕಳು. ಸಾಕಮ್ಮನಿಗೂ ನಗು ಬಂತು, ಆದರೆ ತೋರಿಸಿಕೊಳ್ಳಲಿಲ್ಲ.

ಅವಳು ಮೊದಲು ಹೋದದ್ದು ನಲ್ಲಿಯ ಹತ್ತಿರ ಅಲ್ಲ, ಹಿತ್ತಲಿಗೆ. ನೆಲದಿಂದ ಒಂದೂವರೆ ಅಡಿ ಮೇಲೆ ಎದ್ದು ನಿಂತಿದ್ದ ಬೋರ್‌ವೆಲ್ ಪೈಪಿನ ಮುಚ್ಚಳದ ಸುತ್ತ ಬೆರಳಾಡಿಸಿದಳು. ಒಂದು ಕಡೆ ಬಿರುಕು ಬಿಟ್ಟಿತ್ತು. ಒಳಗೆ ಇರುವೆ ಗೂಡು ಕಟ್ಟಿದ್ದವು. ಪೈಪಿಗೆ ಒರಗಿಸಿ ಮೂರು ಚೀಲ ಸೆಗಣಿ ಗೊಬ್ಬರ.

"ಇದ್ಯಾರು ಇಟ್ಟಾರ್ರಿ?"

"ನಾನೇ. ಮೆಂತ್ಯ, ಟೊಮ್ಯಾಟೊ ಹಾಕಿದೀನಲ್ಲ. ನೀರು ಹತ್ರ ಇದ್ರೆ ಸಲೀಸು ಅಂತ."

"ಆಂಟಿ, ಮಳಿ ಬಂದ್ರ ಈ ಗೊಬ್ಬರದ ನೀರು ಎಲ್ಲಿಗೆ ಇಳಿತೈತಿ ಹೇಳ್ರಿ?"

ಸಾಕಮ್ಮ ಪೈಪು ನೋಡಿದರು, ಚೀಲ ನೋಡಿದರು. "ರವೀ, ಈ ಚೀಲ ಎತ್ತಿ ಬೇಲಿ ಹತ್ರ ಇಡು" ಎಂದರು. ತಪ್ಪು ಒಪ್ಪಿಕೊಳ್ಳುವ ಅವರ ರೀತಿಯೇ ಅದು.

ಆಮೇಲೆ ಅಡಿಗೆಮನೆ. ನವ್ಯಶ್ರೀ ನಲ್ಲಿಯ ತುದಿಯ ಜಾಲರಿ ಬಿಚ್ಚಿ, ಒರೆಸಿ, ನೀರು ಬಿಟ್ಟು ಸುಮ್ಮನೆ ನಿಂತಳು. ಒಂದು ನಿಮಿಷ, ಎರಡು ನಿಮಿಷ. ಸಾಕಮ್ಮನಿಗೆ ತಡೆಯಲಾಗಲಿಲ್ಲ.

"ಏ ಹುಡುಗಿ, ಹಂಗೇ ಬುಟ್ಟಿದೀಯಲ್ಲ! ಹುಬ್ಬಳ್ಳಿಯೋಳು ನೀನು!"

"ಪೈಪಿನ್ಯಾಗ ನಿಂತ ನೀರು ಹೋಗಿ ಬಾವಿ ನೀರು ಬರಬೇಕ್ರಿ. ಇಲ್ಲಂದ್ರ ಪರೀಕ್ಷಾ ಮಾಡೂದು ಬಾವೀದಲ್ಲ, ಪೈಪಿಂದು." ಅವಳು ಬಾಟಲಿಯ ಬಾಯಿಗೆ ಬೆರಳು ತಾಗದಂತೆ ನೀರು ಹಿಡಿದು, ಹೆಸರು, ಗಂಟೆ ಬರೆದು, ಐಸ್ ಡಬ್ಬದೊಳಗೆ ಇಟ್ಟಳು. "ಇಂಥಾವೆಲ್ಲಾ ಕಲಿತು ಪರೀಕ್ಷಾ ಬರದ್ರ ಲೈಸೆನ್ಸ್ ಕೊಡ್ತಾರ. ಕೊಟ್ಟ ಮ್ಯಾಲೂ ಬಿಡೂದಿಲ್ಲ. ಕೆಲವು ವರ್ಷಕ್ಕೊಮ್ಮೆ ಮತ್ತ ಕ್ಲಾಸಿಗೆ ಹೋಗಿ ರಿನ್ಯೂ ಮಾಡಿಸಬೇಕು."

ಅಷ್ಟರಲ್ಲಿ ಅವಳ ಕಣ್ಣು ಒಲೆಯ ಮೇಲಿನ ಪಾತ್ರೆಯ ಮೇಲೆ ಬಿತ್ತು. ಶನಿವಾರವಾದರೂ ಸಿಯಾಳಿಗೆಂದು ಅದು ಕುದಿಯುತ್ತಿತ್ತು.

"ಇದು ಎಷ್ಟೊತ್ತಿಂದ ಕುದಿಯಾಕತ್ತೈತ್ರಿ?"

"ಬೆಳಿಗ್ಗೆಯಿಂದ. ಕಮ್ಮಿ ಆದ್ರೆ ಹಾಕ್ತೀನಿ, ಮತ್ತೆ ಕುದಿಸ್ತೀನಿ. ಎಷ್ಟು ಕುದಿಸಿದ್ರೆ ಅಷ್ಟು ಶುದ್ಧ. ಅದಕ್ಕೇ ಅಂದಿದ್ದು, ನಿನ್ನ ಪರೀಕ್ಷೆ ಗಿರೀಕ್ಷೆ ನಮ್ಗೆ ಬೇಕಿಲ್ಲ ಅಂತ."

ನವ್ಯಶ್ರೀ ಕುರ್ಚಿಯ ಮೇಲೆ ಕೂತಳು. "ಆಂಟಿ, ಸಿಟ್ಟಾಗಬ್ಯಾಡ್ರಿ. ಒಂದು ಕೇಳ್ತೀನಿ. ಸಾರಿಗೆ ಉಪ್ಪು ಹಾಕಿ ಒಲಿ ಮ್ಯಾಲ ಮರತುಬಿಟ್ರಿ. ಕುದ್ದು ಕುದ್ದು ಅರ್ಧಾ ಆತು. ಉಪ್ಪು ಹೆಚ್ಚಾಗತೈತೋ ಕಡಿಮಿ ಆಗತೈತೋ?"

"ಹೆಚ್ಚೇ ಆಗ್ತದೆ. ಬಾಯಿಗಿಡಕ್ಕಾಗಲ್ಲ."

"ಉಪ್ಪು ಹೊಸದಾಗಿ ಹಾಕಿದ್ರೇನು?"

"ಇಲ್ಲ. ನೀರು ಹೋಯ್ತು, ಉಪ್ಪು ಉಳೀತು." ಹೇಳುತ್ತ ಹೇಳುತ್ತ ಸಾಕಮ್ಮನ ದನಿ ನಿಧಾನವಾಯಿತು.

"ಹಂಗಽ ರಿ. ಕುದಿಸಿದ್ರ ನೀರಾಗಿನ ಕ್ರಿಮಿ ಸಾಯ್ತಾವ, ಅದು ಖರೆ. ಆದ್ರ ಹೊಲದ ಗೊಬ್ಬರದಿಂದ ನೀರಿಗೆ ಇಳಿಯೂದು ನೈಟ್ರೇಟ್ ಅಂತ. ಅದಕ್ಕ ಬಣ್ಣ ಇಲ್ಲ, ವಾಸನಿ ಇಲ್ಲ, ರುಚಿ ಇಲ್ಲ. ಕುದಿಸಿದ್ರ ಹೋಗೂದಿಲ್ಲ, ಉಪ್ಪಿನ ಹಂಗ ಉಳದು ಗಟ್ಟಿ ಆಗತೈತಿ. ದೊಡ್ಡವರಿಗೆ ಅಷ್ಟೊಂದು ಅಲ್ಲ. ಆರು ತಿಂಗಳ ಒಳಗಿನ ಕೂಸಿಗೆ ಜಾಸ್ತಿ ಆದ್ರ ರಕ್ತಕ್ಕ ಉಸಿರು ಸಾಲೂದಿಲ್ಲ. ತುಟಿ, ಉಗುರು ನೀಲಿ ಆಗತಾವ."

ಸಾಕಮ್ಮ ಒಲೆ ಆರಿಸಿದರು. ಸೆರಗಿಗೆ ಕೈ ಒರೆಸಿಕೊಂಡು ತೊಟ್ಟಿಲ ಹತ್ತಿರ ಹೋದರು. ಮಲಗಿದ್ದ ಸಿಯಾಳ ಮುಷ್ಟಿ ಬಿಡಿಸಿ, ಅಕ್ಕಿಕಾಳಿನಷ್ಟಿದ್ದ ಉಗುರುಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ತುಟಿ ನೋಡಿದರು. ಗುಲಾಬಿ. ಆದರೂ ಮೊದಲ ಉಗುರಿನಿಂದ ಮತ್ತೊಮ್ಮೆ ನೋಡತೊಡಗಿದರು.

"ನಾನೇ ಕೊಟ್ಟೆನಲ್ಲವ್ವಾ" ಎಂದರು. "ದಿನಕ್ಕೆ ಆರು ಸಲ. ನಾನೇ."

"ಅತ್ತೆ, ಏನೂ ಆಗಿಲ್ಲ, ನೋಡಿ ಎಷ್ಟು ಚೆನ್ನಾಗಿದ್ದಾಳೆ" ಎಂದ ಭಾನುವಿನ ದನಿಯೂ ಗಟ್ಟಿಯಾಗಿರಲಿಲ್ಲ.

ನವ್ಯಶ್ರೀ ಎದ್ದು ಬಂದು ಸಾಕಮ್ಮನ ಹೆಗಲ ಮೇಲೆ ಕೈ ಇಟ್ಟಳು. "ನಿಮ್ಮ ಬಾವ್ಯಾಗ ಅದು ಐತೋ ಇಲ್ಲೋ ಇನ್ನೂ ಗೊತ್ತಿಲ್ರಿ. ಊಹಾ ಮಾಡಿ ಹೆದರಬ್ಯಾಡ್ರಿ, ಊಹಾ ಮಾಡಿ ಧೈರ್ಯನೂ ತಗೋಬ್ಯಾಡ್ರಿ. ಲ್ಯಾಬಿನಿಂದ ಉತ್ತರ ಬರೂತನಕ ಎಲ್ಲಾ ಮಕ್ಕಳಿಗೂ ಬಾಟಲಿ ನೀರು ಕೊಡ್ರಿ. ಕೂಸಿನ್ನ ಡಾಕ್ಟರಿಗೆ ಒಮ್ಮೆ ತೋರಸ್ರಿ." ಆಮೇಲೆ ಇನ್ನೊಂದು ಬಾಟಲಿ ತೆಗೆದು, ಸಾಕಮ್ಮನ ಪಾತ್ರೆಯಲ್ಲಿ ಉಳಿದಿದ್ದ ನೀರನ್ನೂ ಆರಿಸಿ ತುಂಬಿಕೊಂಡಳು.

ಮಧ್ಯಾಹ್ನವೇ ರವಿ ಅರ್ಜೆಂಟ್ ಕೇರ್ ಕ್ಲಿನಿಕ್ಕಿಗೆ ಡ್ರೈವ್ ಮಾಡಿದ. ಡಾಕ್ಟರು ಸಿಯಾಳನ್ನು ಪರೀಕ್ಷಿಸಿ, ಬೆರಳಿಗೆ ಕ್ಲಿಪ್ ಹಾಕಿ, ರಕ್ತ ತೆಗೆಸಿ ನೋಡಿ, ಎಲ್ಲ ಸರಿ ಇದೆ ಎಂದರು. ಸಾಕಮ್ಮ ಅದನ್ನು ಮೂರು ಸಲ ರವಿಯ ಬಾಯಲ್ಲಿ ಕನ್ನಡದಲ್ಲಿ ಹೇಳಿಸಿಕೊಂಡರು. ಬರುವ ದಾರಿಯಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಮಗುವಿನ ಪಕ್ಕ ಕೂತು, ಎಷ್ಟೋ ಹೊತ್ತಿನ ಮೇಲೆ ಉಸಿರು ಪೂರ್ತಿ ಬಿಟ್ಟರು.

ಗುರುವಾರ ನವ್ಯಶ್ರೀ ಲ್ಯಾಬಿನ ಕಾಗದ ಹಿಡಿದು ಬಂದಳು. ಬಾವಿಯ ನೀರಿನಲ್ಲಿ ಕ್ರಿಮಿ ಇಲ್ಲ. ನೈಟ್ರೇಟು ಲೀಟರಿಗೆ ಆರೂವರೆ ಮಿಲಿಗ್ರಾಂ.

"ಮಿತಿ ಎಷ್ಟು?" ಎಂದಳು ಭಾನು.

"ಹತ್ತು. ನಿಮ್ಮ ಬಾವಿ ಪಾಸು."

"ನನ್ನ ಪಾತ್ರೆ?" ಎಂದರು ಸಾಕಮ್ಮ.

ನವ್ಯಶ್ರೀ ಎರಡನೆಯ ಕಾಗದ ಮುಂದಿಟ್ಟಳು. "ಹದಿಮೂರು."

ಸಾಕಮ್ಮ ಕಾಗದವನ್ನೇ ನೋಡುತ್ತ ನಿಂತರು. ಭೂಮಿ ಕೊಟ್ಟ ನೀರು ಸರಿಯಾಗಿಯೇ ಇತ್ತು. ಅದನ್ನು ದಿನವಿಡೀ ಕುದಿಸಿ, ಬತ್ತಿಸಿ, ಮಿತಿ ದಾಟಿಸಿದ್ದು ಅವರ ಅಕ್ಕರೆ.

ಐದು ವರ್ಷದ ಹಿರಿ ಮೊಮ್ಮಗಳು ಅನಿಕಾ ಮೇಜಿನ ಮೇಲೆ ಗಲ್ಲ ಇಟ್ಟುಕೊಂಡು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. "ಅಜ್ಜಿ, ಯುವರ್ ಪಾಟ್ ಫೇಲ್ಡ್ ದ ಟೆಸ್ಟ್!" ಎಂದಳು.

"ಏನಂದ್ಳು?"

"ನಿಮ್ಮ ಪಾತ್ರೆ ಪರೀಕ್ಷೆಲಿ ಫೇಲಂತೆ, ಅತ್ತೆ."

ಮೊದಲು ನಕ್ಕದ್ದು ಸಾಕಮ್ಮನೇ. ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. ನಿಂತವರೆಲ್ಲ ನಕ್ಕರು. ಐದು ದಿನದಿಂದ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ.

"ಆದ್ರ ಬಾವಿ ನೀರು ಮಿತಿಯ ಅರ್ಧಾ ದಾಟೈತಿ. ಅದಕ್ಕ ಮೂರು ತಿಂಗಳಿಗೊಮ್ಮೆ ನೋಡಬೇಕಾಗತೈತಿ. ಮುಚ್ಚಳ ಹೊಸಾದು ಹಾಕಸ್ತೀನಿ. ಆಪರೇಟರ್ ಅಂತ ನನ್ನ ಹೆಸರು ಕೌಂಟಿಗೆ ಕೊಡ್ರಿ" ಎಂದಳು ನವ್ಯಶ್ರೀ. "ಕೂಸಿಗೆ ಆರು ತಿಂಗಳು ತುಂಬೂತನಕ ಬಾಟಲಿ ನೀರಽ ಇರ್ಲಿ. ಉಳಿದವ್ರು ನಲ್ಲಿ ನೀರು ಕುಡೀರಿ. ಕುದಿಸಲೇಬೇಕು ಅನ್ನಿಸಿದ್ರ ಒಮ್ಮೆ ಕುದಿ ಬರಲಿ, ಇಳಸ್ರಿ. ಬತ್ತಸಬ್ಯಾಡ್ರಿ."

ಸಾಕಮ್ಮ ಸೊಸೆಯ ಕಡೆ ತಿರುಗಿದರು. "ಇವಳಿಗೆ ಎಷ್ಟೂರು ಸುತ್ತಕ್ಕಾಗ್ತದೆ? ನೀನೂ ಬರೆಯವ್ವಾ ಆ ಪರೀಕ್ಷೆ. ನಮ್ಮ ಮಕ್ಕಳು ಕುಡಿಯೋ ನೀರು ನಮಗೆ ಗೊತ್ತಿರಬೇಕು. ಓದಿಕೋ, ಕೂಸನ್ನ ನಾನು ನೋಡ್ಕೋತೀನಿ."

ಭಾನು ಕ್ಲಾಸಿಗೆ ಹೋದಳು. ನವ್ಯಶ್ರೀಯ ಜೊತೆ ಹೋಗಿ ಕೆಲಸ ಕಲಿತಳು. ಪರೀಕ್ಷೆಗೆ ಅಪ್ಲೈ ಮಾಡಿ, ಬರೆದು, ಪಾಸಾದಳು. ಇವತ್ತು ಡೇಕೇರಿನ ಬಾಗಿಲ ಪಕ್ಕದ ಗೋಡೆಯಲ್ಲಿ ಅವಳ ಲೈಸೆನ್ಸಿನ ಚೌಕಟ್ಟು ಇದೆ. ಅದರ ಕೆಳಗೆ ಮೂರು ತಿಂಗಳಿಗೊಮ್ಮೆ ಬರುವ ಲ್ಯಾಬ್ ಕಾಗದ. ಹೊಸದಾಗಿ ಮಗುವನ್ನು ಸೇರಿಸಲು ಬಂದವರನ್ನು ಸಾಕಮ್ಮ ಮೊದಲು ಆ ಗೋಡೆಯ ಹತ್ತಿರ ನಿಲ್ಲಿಸುತ್ತಾರೆ. ಆಟದ ಸಾಮಾನು, ಮಲಗುವ ಕೋಣೆ, ಊಟದ ಪಟ್ಟಿ ಎಲ್ಲ ಆಮೇಲೆ. ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಈಗ ಶುಕ್ರವಾರ ಮಕ್ಕಳಿಗೆ ಬಿಸಿಬೇಳೆಬಾತ್ ಆಗುತ್ತದೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮನ್ನೂ ಒಂದು ಮಾತು ಕೇಳುತ್ತೇವೆ. ನೀವು ಡೆಟ್ರಾಯ್ಟ್ ಕಡೆಯವರಿರಬಹುದು, ನೇಪರ್‌ವಿಲ್ ಕಡೆಯವರಿರಬಹುದು. ನಿಮ್ಮ ಮಗು ಹೋಗುವ ಡೇಕೇರಿನಲ್ಲಿ, ನೀವು ಕೆಲಸ ಮಾಡುವ ಕಡೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದ್ದೀರಾ? ಸ್ವಂತ ಬೋರ್‌ವೆಲ್ ಎಂದರೆ, "ಆಪರೇಟರ್ ಯಾರು? ಲೈಸೆನ್ಸ್ ಇದೆಯಾ? ಕೊನೆಯ ಪರೀಕ್ಷೆಯ ಕಾಗದ ತೋರಿಸ್ತೀರಾ?" ಎಂದು ಸಂಕೋಚವಿಲ್ಲದೆ ಕೇಳಿ. ಲೈಸೆನ್ಸ್ ಇರುವವರು ಕೇಳಿದ್ದಕ್ಕೆ ಸಂತೋಷಪಡುತ್ತಾರೆ. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಅನುಮಾನವಿದ್ದರೆ ಕೌಂಟಿಯ ಆರೋಗ್ಯ ಇಲಾಖೆಗೆ ಒಂದು ಫೋನ್ ಮಾಡಿ. ನೀವೇ ಡೇಕೇರೋ ಶಾಲೆಯೋ ನಡೆಸುತ್ತಿದ್ದರೆ ತಲೆ ಎಣಿಸುವಾಗ ಅಡಿಗೆಯವರನ್ನು ಮರೆಯಬೇಡಿ. ಮನೆಗೆ ಮಾತ್ರ ಇರುವ ಬೋರ್‌ವೆಲ್ಲಿಗೆ ಯಾರೂ ಆಪರೇಟರ್ ಬರುವುದಿಲ್ಲ, ಅದನ್ನು ವರ್ಷಕ್ಕೊಮ್ಮೆ ನೀವೇ ಪರೀಕ್ಷೆ ಮಾಡಿಸಬೇಕು. ಮನೆಯಲ್ಲಿ ಹಸುಗೂಸಿದ್ದರೆ ಇವತ್ತೇ ಮಾಡಿಸಿ.

ಒಲೆ ಹಚ್ಚುವ ಮೊದಲು ಕೇಳಿ. ಸಾಕಮ್ಮ ಈಗ ಹಾಗೆಯೇ ಮಾಡುತ್ತಾರೆ.